ಮಾಸ್ತಮ್ಮ ಮುಚ್ಚಿಟ್ಟ ಅಂಗಳ

ನಮ್ಮ ಪಕ್ಕದ ಮನೆಯ ಮಾಸ್ತಮ್ಮನ ಕೈಗೆ ಒಂದು ಕಾಯಿಲೆ ಇದೆ. ಬೇರೆಯವರ ಮನೆಯನ್ನೂ ಅದು ಸುಮ್ಮನೆ ಬಿಡುವುದಿಲ್ಲ. ಗೋಡೆ ಬಿರುಕು ಬಿಟ್ಟಿದ್ದರೆ ಮೆತ್ತುತ್ತದೆ, ಒಲೆಕಟ್ಟೆಯ ಜಿಡ್ಡು ಕೆರೆದು ತೆಗೆಯುತ್ತದೆ, ಬೊಗಸೆ ಮಣ್ಣು ಕಂಡರೆ ಏನಾದರೊಂದು ನೆಡುತ್ತದೆ. ಸ್ವಂತ ಮನೆ ಇದ್ದವರಿಗೆ ಇದು ಒಳ್ಳೆಯ ಗುಣ. ಮದುವೆಯಾದಾಗಿನಿಂದ ಬಾಡಿಗೆ ಮನೆಯಲ್ಲೇ ಬಾಳಿದ ಇವಳಿಗೆ ಅದರಿಂದ ಆದದ್ದೆಲ್ಲ ಕೇಡೇ.

ಭದ್ರಾವತಿಯ ಹೊಸಮನೆಯಲ್ಲಿ ಅವಳಿಗೂ ನನಗೂ ನಡುವೆ ಇರುವುದು ಒಂದೇ ಕಾಂಪೌಂಡ್ ಗೋಡೆ. ಅವಳು ಸರ್ಕಾರಿ ಶಾಲೆಯಲ್ಲಿ ಬಿಸಿಯೂಟದ ಅಡುಗೆಯವಳು. ಗಂಡ ಮಂಜಪ್ಪ ಪೇಂಟರ್. ಮಗಳನ್ನು ಕುಂಸಿಗೆ ಕೊಟ್ಟಿದ್ದಾರೆ. ದೊಡ್ಡ ಮನೆಗಳಿಗೆ ಬಣ್ಣ ಹೊಡೆದು ಡಬ್ಬದ ತಳದಲ್ಲಿ ಉಳಿದದ್ದನ್ನು ಮಂಜಪ್ಪ ಮನೆಗೆ ತರುತ್ತಿದ್ದ. ಬಣ್ಣ ಗೋಡೆಗೆ, ಖಾಲಿ ಡಬ್ಬ ಗಿಡಕ್ಕೆ, ಶಾಲೆಯ ತರಕಾರಿ ಸಿಪ್ಪೆ ಗೊಬ್ಬರಕ್ಕೆ. ಹೀಗೆ ಕೈಯಿಂದ ಕಾಸು ಬಿಚ್ಚದೆ ಅವರು ಎರಡು ಮನೆಗಳನ್ನು ಅರಮನೆ ಮಾಡಿದ್ದರು.

ಮಾಡಿ ಏನು ಬಂತು? ಮೊದಲನೆಯದು ಶಿವಮೊಗ್ಗದ ಗೋಪಾಳದಲ್ಲಿತ್ತು. ಅರಿಶಿನ ಕುಂಕುಮಕ್ಕೆ ಬಂದ ಮಾಲೀಕರ ಹೆಂಡತಿ ತಮ್ಮದೇ ಮನೆಯನ್ನು ಹೊಸದಾಗಿ ನೋಡುವ ಹಾಗೆ ನೋಡಿದರಂತೆ. ಮುಂದಿನ ತಿಂಗಳೇ ಮಗ ಬೇರೆ ಸಂಸಾರ ಹೂಡುತ್ತಾನೆ, ಬಿಟ್ಟುಕೊಡಿ ಅಂದರು. ಎರಡನೆಯದು ಇಲ್ಲೇ ಜನ್ನಾಪುರದಲ್ಲಿ. ಆ ಮಾಲೀಕ ಗಿರಾಕಿಗಳನ್ನು ಕರೆತಂದು, ಇವಳು ಜೋಡಿಸಿದ ಪಾತ್ರೆಗೂಡು ತೋರಿಸಿ, ಮನೆಯನ್ನು ಒಳ್ಳೆಯ ರೇಟಿಗೆ ಮಾರಿಬಿಟ್ಟ. ಮೇಲಿಂದ ಇವರಿಗೆ ಒಂದು ಡಬ್ಬಿ ಸ್ವೀಟು ಕೊಟ್ಟ. ನಾನಾಗಿದ್ದರೆ ಅದನ್ನು ಅವನ ಕಾರಿನ ಮೇಲೇ ಸುರಿಯುತ್ತಿದ್ದೆ. ಇವಳು ಅಕ್ಕಪಕ್ಕದವರಿಗೆ ಹಂಚಿ ಬಂದಳು.

ಗೋಪಾಳದಲ್ಲಿ ಸೀಬೆಗಿಡ ನೆಟ್ಟಿದ್ದಳು, ಜನ್ನಾಪುರದಲ್ಲಿ ದಾಳಿಂಬೆ. ಎರಡನ್ನೂ ಕಾಯಿ ಬಿಡುವ ಮೊದಲೇ ಬಿಟ್ಟು ಬಂದಳು. ಹಾಗಾಗಿ ನಮ್ಮ ಪಕ್ಕಕ್ಕೆ ಬಂದಾಗ ಈ ಮನೆಗೆ ಒಂದು ಮೊಳೆ ಕೂಡ ಹೊಡೆಯುವುದಿಲ್ಲ ಎಂದು ಗಂಡನ ಎದುರಿಗೆ ಆಣೆ ಮಾಡಿದ್ದಳು. ಆ ಆಣೆ ಮೊದಲ ಮಳೆ ಬೀಳುವವರೆಗೆ ನಡೆಯಿತು. ಆಮೇಲೆ ಹಿತ್ತಲಲ್ಲಿ ಒಂದು ಡಬ್ಬ ಕೊತ್ತಂಬರಿ, ಅದರ ಪಕ್ಕ ದೊಡ್ಡಪತ್ರೆ, ಗೋಡೆಗೆ ಬಸಳೆ ಬಳ್ಳಿ. ಕಡೆಗೆ ಮುಂದಿನ ಅಂಗಳದ ಕಲ್ಲು ಚಪ್ಪಡಿ ಒಂದನ್ನು ಎಬ್ಬಿಸಿ, ನರ್ಸರಿಯಿಂದ ತಂದ ಕಸಿ ನಿಂಬೆಗಿಡ ನೆಟ್ಟೇಬಿಟ್ಟಳು. ನಾನು ಬೈದೆ. ಅವಳು ಬುಡಕ್ಕೆ ಮಣ್ಣು ಎಳೆಯುತ್ತಲೇ ಹೇಳಿದಳು.

“ಒಂದು ಸಲನಾದ್ರೂ ನಾನು ನೆಟ್ಟ ಗಿಡದ ಕಾಯಿ ನಾನೇ ಕೀಳ್ಬೇಕು ಚಿನ್ನಕ್ಕ. ಅಲ್ಲೀತನಕ ಈ ಮನೇಲಿ ಇರೋಕೆ ಬಿಟ್ರೆ ಸಾಕು.”

ಅವಳು ಕೇಳಿದ್ದಾದರೂ ಎಷ್ಟು, ಒಂದು ನಿಂಬೆಕಾಯಿ!

ಈ ಮನೆಯ ಮಾಲೀಕರು ರೇಣುಕಾಪ್ರಸಾದ್, ಶಿವಮೊಗ್ಗದಲ್ಲಿ ಅಡಿಕೆ ವ್ಯಾಪಾರ. ಬಾಡಿಗೆ ಫೋನಿನಲ್ಲೇ ಹೋಗುತ್ತದೆ, ಆದರೂ ಆಗೊಮ್ಮೆ ಈಗೊಮ್ಮೆ ಮನೆ ನೋಡಲು ಬರುತ್ತಾರೆ. ಹೊರಡುವಾಗ ಫೋನ್ ಮಾಡುವ ಒಳ್ಳೆಯ ಬುದ್ಧಿ ಅವರದು. ಮೊದಲ ಸಲ ಆ ಫೋನ್ ಬಂದಾಗ ಮಾಸ್ತಮ್ಮನ ಮುಖ ಬಿಳಿಚಿಕೊಂಡಿತು. ಅಂಗಳದಲ್ಲಿ ನಿಂತು ಎದುರು ಕಟ್ಟುತ್ತಿದ್ದ ಹೊಸ ಕಟ್ಟಡವನ್ನೇ ನೋಡಿದಳು. ಅದಕ್ಕೆ ನಾಲಿಗೆ ಚಾಚಿದ ದೃಷ್ಟಿಬೊಂಬೆ ಕಟ್ಟಿದ್ದರು. ಚೆಂದದ ಮೇಲೆ ಕಣ್ಣು ಬೀಳದಿರಲಿ ಎಂದು ತಾನೇ ಆ ವಿಕಾರ ಕಟ್ಟುವುದು, ನಮಗೂ ಅಂಥದ್ದೇ ಒಂದು ಬೇಕು ಎಂದಳು.

ಬೊಂಬೆ ಹುಡುಕಲು ದೂರ ಹೋಗಬೇಕಾಗಲಿಲ್ಲ. ಮಂಜಪ್ಪ ಏನನ್ನೂ ಎಸೆಯುವ ಜಾತಿಯಲ್ಲ. ಮುರಿದ ಏಣಿ, ಯಾರದೋ ಮನೆಯ ಹಳೇ ಬಾಗಿಲು, ತುಕ್ಕು ಹಿಡಿದ ಮಂಚ, ತಗಡಿನ ಚೂರು ಎಲ್ಲವೂ ಮುಂದೆ ಬೇಕಾಗುತ್ತದೆ ಎಂದು ಹಿತ್ತಲ ಶೆಡ್ಡಿನಲ್ಲಿ ತುಂಬಿಟ್ಟಿದ್ದ. ಗುಜರಿಯವನು ಬಂದಾಗಲೆಲ್ಲ ಗಂಡ ಹೆಂಡತಿಗೆ ಅದೇ ಜಗಳ. ಆ ದಿನ ಅದಷ್ಟನ್ನೂ ಅವಳೇ ಎಳೆದು ಅಂಗಳಕ್ಕೆ ತಂದಳು. ಮಂಚವನ್ನು ನಿಂಬೆಗಿಡಕ್ಕೆ ಅಡ್ಡ ನಿಲ್ಲಿಸಿ ಗೋಣಿಚೀಲ ಹೊದಿಸಿದಳು, ಜಗಲಿಯ ತುಂಬ ಡಬ್ಬ ಪೇರಿಸಿದಳು. ನಾನೂ ನಮ್ಮ ಮನೆಯ ಹರಿದ ಟಾರ್ಪಾಲು ಕೊಟ್ಟೆ. ಮಂಜಪ್ಪನಿಗಂತೂ ಜನ್ಮ ಸಾರ್ಥಕವಾದ ಖುಷಿ.

ರೇಣುಕಾಪ್ರಸಾದ್ ಗೇಟಿನ ಹತ್ತಿರ ನಿಂತು ನೋಡಿದರು, ಒಳಗೆ ಕಾಲಿಡಲು ಜಾಗ ಕಾಣದೆ ಹಾಗೇ ಹಿಂದೆ ಹೋದರು. ನಾವು ಮೂವರೂ ಹೊಟ್ಟೆ ಹುಣ್ಣಾಗುವಷ್ಟು ನಕ್ಕೆವು. ಅಲ್ಲಿಂದ ಮುಂದೆ ಫೋನ್ ಬಂದರೆ ಸಾಮಾನು ಹೊರಗೆ, ಕಾರು ಹೋದರೆ ಒಳಗೆ. ಗಿಡಕ್ಕೆ ಮೂರನೇ ವರ್ಷ ನಡೆಯುತ್ತಿತ್ತು. ಈ ಬೇಸಿಗೆಯ ಮೊದಲಲ್ಲಿ ಹೂ ಬಿಟ್ಟಿತು. ಮಾಸ್ತಮ್ಮ ನನ್ನನ್ನು ಕರೆದು ಕೊಂಬೆ ಬಗ್ಗಿಸಿ ತೋರಿಸಿದಳು, ಮುಟ್ಟಲು ಮಾತ್ರ ಬಿಡಲಿಲ್ಲ.

ಅದೇ ವಾರ ಮತ್ತೆ ರೇಣುಕಾಪ್ರಸಾದ್ ಬಂದರು. ಈ ಸಲ ಗೇಟಿನಿಂದಲೇ ತಿರುಗಿ ಹೋಗಲಿಲ್ಲ. ಮಾಸ್ತಮ್ಮನನ್ನು ಹೊರಗೆ ಕರೆದು, ಬೇಸರದಿಂದಲೇ ಮಾತಾಡಿದರು.

“ನೋಡಮ್ಮ, ನೀವು ಕೆಟ್ಟೋರು ಅಂತಲ್ಲ. ಮೂರು ವರ್ಷದಿಂದ ನೋಡ್ತಿದೀನಿ, ಮನೆ ಗುಜರಿ ಅಂಗಡಿ ಆಗಿದೆ. ಚೆನ್ನಾಗಿ ಇಟ್ಕೊಳ್ಳೋರು ಒಬ್ರು ಸಿಕ್ಕಿದಾರೆ, ಅಡ್ವಾನ್ಸೂ ಕೊಟ್ಟಾಗಿದೆ. ನೀವು ಬೇರೆ ಕಡೆ ನೋಡ್ಕೊಳ್ಳಿ.”

ನಾನು ಗೋಡೆಯ ಈಚೆ ನಿಂತು ಕೇಳಿಸಿಕೊಂಡೆ. ಕೂಗಿ ಹೇಳಬೇಕು ಎನ್ನಿಸಿತು, ಆದರೆ ಏನೆಂದು ಹೇಳುವುದು? ಇದು ನಾಟಕ ಸ್ವಾಮಿ, ನಿಮಗೆ ಹೆದರಿ ನಾವೇ ಕಟ್ಟಿದ್ದು ಎನ್ನಲೇ? ಮಾಸ್ತಮ್ಮ ತಲೆಯಾಡಿಸಿದಳು ಅಷ್ಟೆ. ಸಂಜೆ ಮಂಜಪ್ಪ ಫೋನ್ ಮಾಡಿ ಅಂಗಲಾಚಿದ. ಅವರು ಸಿಟ್ಟಾಗಲಿಲ್ಲ, ಕೊಟ್ಟ ಮಾತು ಕೊಟ್ಟಾಗಿದೆ ಎಂದು ಇಟ್ಟುಬಿಟ್ಟರು. ಸಿಟ್ಟಾಗಿದ್ದರೆ ಜಗಳವನ್ನಾದರೂ ಆಡಬಹುದಿತ್ತು.

ಭಾನುವಾರ ಅವರು ಹೊಸ ಬಾಡಿಗೆಯವರನ್ನು ಕರೆತಂದರು. ಕವನ ಎಂಬ ಚಿಕ್ಕ ವಯಸ್ಸಿನ ಟೀಚರ್, ಜೊತೆಗೆ ಅವಳ ಗಂಡ. ಸಾಮಾನು ಅಂಗಳದಲ್ಲೇ ಬಿದ್ದಿತ್ತು. ಎತ್ತಿಡುವ ಮನಸ್ಸು ಯಾರಿಗಿತ್ತು? ಆ ಹುಡುಗಿ ಗೇಟಿನಲ್ಲೇ ನಿಂತು ದುಪಟ್ಟಾದಿಂದ ಮೂಗು ಮುಚ್ಚಿಕೊಂಡಳು. ಹೇಗಾದರೂ ಇರುತ್ತಾರೋ ಇಂಥದ್ದರಲ್ಲಿ ಎಂದು ಗಂಡನಿಗೆ ಮೆಲ್ಲಗೆ ಹೇಳಿದಳು. ಮೆಲ್ಲಗೇ ಹೇಳಿದ್ದು, ಆದರೆ ಮಾಸ್ತಮ್ಮನಿಗೆ ಕೇಳಿಸಿತು.

ಅವಳು ಸೆರಗು ಸಿಕ್ಕಿಸಿ ಅಂಗಳಕ್ಕೆ ಇಳಿದಳು. ಏಣಿ ಎಳೆದು ಹಾಕಿದಳು, ಡಬ್ಬಗಳನ್ನು ತಳ್ಳಿದಳು, ಆ ಮಂಚವನ್ನು ಒಬ್ಬಳೇ ಎತ್ತಿ ಗೋಡೆಗೆ ಒರಗಿಸಿದಳು. ಟಾರ್ಪಾಲು ಸರಿದಾಗ ಹೂ ತುಂಬಿದ ನಿಂಬೆಗಿಡ ಕಂಡಿತು. ಬಾಗಿಲು ಪೂರ್ತಿ ತೆರೆದು, ಒಳಗೆ ಬನ್ನಿ ಎಂದಳು. ನಡುಮನೆಯ ತಿಳಿಹಸಿರು ಗೋಡೆ, ಹೊಳೆಯುವ ಅಡುಗೆಮನೆ, ಬಸಳೆ ಹಬ್ಬಿದ ಹಿತ್ತಲು ಎಲ್ಲವನ್ನೂ ತೋರಿಸಿದಳು. ಬಿಡುವ ಮನೆಯನ್ನು ಅಷ್ಟು ಹೆಮ್ಮೆಯಿಂದ ತೋರಿಸಿದ ಹೆಂಗಸನ್ನು ನಾನು ಬೇರೆ ಕಂಡಿಲ್ಲ.

ರೇಣುಕಾಪ್ರಸಾದ್ ನಿಂಬೆಗಿಡದ ಮುಂದೆ ಬಂದು ನಿಂತರು. ಅವರ ಮುಖ ನೋಡಿ ನನಗೆ ಒಂದು ಗಳಿಗೆ ಆಸೆ ಹುಟ್ಟಿತು.

“ಇದನ್ನ ಮೊದಲೇ ತೋರಿಸೋದಲ್ವೇನಮ್ಮ? ಹೀಗೆ ಇಟ್ಕೊಳ್ಳೋರನ್ನ ಯಾರಾದ್ರೂ ಬಿಡಿಸ್ತಾರಾ?” ಎಂದರು. ಆಮೇಲೆ ಕವನಳ ಕಡೆ ನೋಡಿ, ಕನ್ನಡಕ ಒರೆಸಿಕೊಂಡರು.

ಕವನ ಪಾಪ ನಾಚಿ ಕೆಂಪಾಗಿದ್ದಳು. ಗಿಡಗಳನ್ನು ಹಾಗೇ ಬಿಟ್ಟು ಹೋಗ್ತೀರಾ ಆಂಟಿ, ನನಗೆ ಏನೂ ಗೊತ್ತಿಲ್ಲ ಎಂದಳು. ನೆಲದಲ್ಲಿ ಬೇರು ಬಿಟ್ಟದ್ದನ್ನು ಹೂವಿನ ಹೊತ್ತಿನಲ್ಲಿ ಕಿತ್ತರೆ ಉಳಿಯುವುದಿಲ್ಲ. ಅದು ಮಾಸ್ತಮ್ಮನಿಗೆ ಗೊತ್ತು. ಅವಳು ಬುಡದ ಹತ್ತಿರ ಕೂತು, ಆ ಹುಡುಗಿಯನ್ನೂ ಕೂರಿಸಿಕೊಂಡಳು.

“ಹೂ ನಿಲ್ಲೋ ತನಕ ಜಾಸ್ತಿ ನೀರು ಬಿಡಬೇಡಿ, ಉದುರುತ್ತೆ. ಕಾಯಿ ಕಚ್ಚಿದ ಮೇಲೆ ಅಕ್ಕಿ ತೊಳೆದ ನೀರು ಹಾಕಿ. ಮಳೆಗಾಲಕ್ಕೆ ಕೀಳಬಹುದು.”

ಕಾರು ಹೋದ ಮೇಲೆ ನನಗೆ ತಡೆಯಲಾಗಲಿಲ್ಲ. ಯಾಕೆ ಹೇಳಿಕೊಟ್ಟೆ ಮಾರಾಯ್ತಿ, ಒಣಗಿ ಹೋಗಿದ್ದರೆ ಹೋಗಲಿ ಬಿಡಬೇಕಿತ್ತು ಎಂದು ರೇಗಿದೆ.

“ಗಿಡ ಏನು ಮಾಡಿತ್ತು ಚಿನ್ನಕ್ಕ” ಎಂದಳು.

ಮಂಜಪ್ಪ ಟೆಂಪೋದವನಿಗೆ ಹೇಳಿಬರಲು ಹೋಗಿದ್ದ. ಅವಳು ಕೈಯ ಮಣ್ಣು ತೊಳೆದುಕೊಂಡು, ಬಸಳೆ ಸೊಪ್ಪು ಕೊಯ್ದು ಗೋಡೆಯ ಮೇಲಿಂದ ನನಗೂ ಒಂದು ಕಟ್ಟು ಕೊಟ್ಟಳು.