ಶಾಲು ಹೊದಿಸುವ ಅಮೃತಪ್ಪನ ಹೆಗಲು

ಹೈದರಾಬಾದಿನ ನಮ್ಮ ಕನ್ನಡ ಬಳಗದಲ್ಲಿ ಸಭೆಗೆ ಜನ ಕಡಿಮೆ ಬಿದ್ದಾರು, ಸನ್ಮಾನಕ್ಕೆ ಮಾತ್ರ ಬರವಿಲ್ಲ. ಯುಗಾದಿಗೆ ಸನ್ಮಾನ, ಬಸವ ಜಯಂತಿಗೆ ಸನ್ಮಾನ, ಹೋದ ವರ್ಷ ಮಾಡಿಸಿಕೊಂಡವರಿಗೆ ಈ ವರ್ಷ ಇನ್ನೊಮ್ಮೆ. ಇಷ್ಟಕ್ಕೂ ಶಾಲು ಹೊದಿಸುವ ಕೈ ಒಂದೇ. ಅದು ನಮ್ಮ ಪಕ್ಕದ ಮನೆಯ ಅಮೃತಪ್ಪನ ಬಲಗೈ.

ಅಮೃತಪ್ಪ ಲಿಂಗಸುಗೂರಿನ ಕಡೆಯವನು. ರಕ್ಷಣಾ ಇಲಾಖೆಯ ಕಾರ್ಖಾನೆಯೊಂದರಲ್ಲಿ ಸ್ಟೋರ್‌ಕೀಪರ್. ಅಲ್ಲಿ ಬೋಲ್ಟು ಕೇಳಲು ಬಂದವರು ಅವನ ಮುಖ ನೋಡುವುದಿಲ್ಲ. ವೇದಿಕೆ ಹತ್ತಿದರೆ ಮಾತ್ರ ಅವನ ಠೀವಿಯೇ ಬೇರೆ. ಅಬಿಡ್ಸ್ ಪೇಟೆಯಿಂದ ತಂದ ಶಾಲನ್ನು ಒಂದೇ ಬೀಸಿಗೆ ಬಿಚ್ಚಿ, ಅತಿಥಿಯ ಹೆಗಲಿಗೆ ಇಳಿಸುತ್ತ, ಹಾಗೆಯೇ ಮೈಕಿನತ್ತ ವಾಲಿ ಅವರ ಗುಣಗಾನ ಶುರು ಮಾಡುತ್ತಾನೆ. ಕೈ ಎದ್ದರೇ ಅವನಿಗೆ ಮಾತು ಏಳುವುದು. ಕೆಳಗೆ ಕೂತ ನಾವು ಊಟದ ವಾಸನೆ ಹಿಡಿಯುತ್ತ ಚಪ್ಪಾಳೆ ತಟ್ಟುತ್ತೇವೆ. ಹೊಗಳಿಕೆ ಕೇಳಿಸಿಕೊಂಡವರು ಯಾರೂ ಇಲ್ಲ.

ಆ ಬಸವ ಜಯಂತಿಗೆ ಬಂದ ಅತಿಥಿ ನಿವೃತ್ತ ಪೊಲೀಸ್ ಅಧಿಕಾರಿ, ಬಾಗಿಲಿಗೆ ತಲೆ ತಾಗುವಂಥ ಆಳು. ಸನ್ಮಾನಕ್ಕೂ ಬಗ್ಗಲಿಲ್ಲ. ಅಮೃತಪ್ಪ ತುದಿಗಾಲಲ್ಲಿ ನಿಂತು ಶಾಲು ಬೀಸಿದ. ಶಾಲು ಸರಿಯಾಗಿಯೇ ಕೂತಿತು, ಇಳಿದ ಕೈ ಮಾತ್ರ ಮತ್ತೆ ಏಳಲಿಲ್ಲ.

ಬಳಗದವರೆಲ್ಲ ಉಳುಕು ಅಂದರು. ಒಬ್ಬರು ಎಳ್ಳೆಣ್ಣೆ ಹೇಳಿದರು, ಇನ್ನೊಬ್ಬರು ಮೆಹದಿಪಟ್ಟಣಂನ ಪೈಲ್ವಾನನೊಬ್ಬನ ಬಳಿ ಕರೆದೊಯ್ದು ತೋಳು ಎಳೆಸಿದರು. ಆಮೇಲೆ ಅನ್ನದ ತುತ್ತೂ ಬಾಯಿಗೆ ಹೋಗದಂತಾಯಿತು. ಕಡೆಗೆ ಆಸ್ಪತ್ರೆ. ಡಾಕ್ಟರು ಸ್ಕ್ಯಾನ್ ನೋಡಿ, ಕ್ರಿಕೆಟ್ ಆಡುತ್ತೀರೋ, ಮೂಟೆ ಎತ್ತುತ್ತೀರೋ ಎಂದು ಕೇಳಿದರು.

"ಸನ್ಮಾನ ಮಾಡ್ತೀನ್ರಿ," ಅಂದ ಅಮೃತಪ್ಪ.

ಡಾಕ್ಟರು ತೆಲುಗಿನವರು, ಶಿವದೇವಿ ಅದನ್ನು ತೆಲುಗಿನಲ್ಲಿ ಬಿಡಿಸಿ ಹೇಳಿದಳು. ಶಿವದೇವಿ ಅವನ ಹೆಂಡತಿ. ಹೆಗಲಿನ ನರದಂಥ ಪಟ್ಟಿಯೊಂದು ಮೂಳೆಯಿಂದ ಕಿತ್ತು ಬಂದಿದೆ, ಸಣ್ಣ ತೂತು ಮಾಡಿ ಒಳಗೇ ಹೊಲಿಯಬೇಕು ಎಂದರು ಡಾಕ್ಟರು. ಹೊಲಿಗೆ ಹಾಕುವುದು ಒಂದು ಹೊತ್ತಿನ ಕೆಲಸ, ಮೂಳೆಗೆ ಅದು ಕಚ್ಚಿಕೊಳ್ಳಲು ತಿಂಗಳುಗಟ್ಟಲೆ ಬೇಕು. ಅವಸರ ಮಾಡಿದರೆ ಮತ್ತೆ ಹರಿಯುತ್ತದೆ, ಸೋಮಾರಿಯಾದರೆ ಹೆಗಲು ಮರಗಟ್ಟುತ್ತದೆ. "ಸಿಟಿ ಬಸ್ಸಿನ ಮೇಲಿನ ಕಂಬಿ ಹಿಡಿದ ದಿನ ವಾಸಿಯಾಯಿತು ಅಂತಲೇ ಲೆಕ್ಕ, ಆಮೇಲೆ ನನ್ನ ಹತ್ತಿರ ಬರಬೇಕಿಲ್ಲ," ಅಂದರು.

ಆಪರೇಷನ್ ಆಯಿತು. ಒಂದೂವರೆ ತಿಂಗಳು ತೋಳಿಗೆ ಜೋಳಿಗೆ ಕಟ್ಟಿಕೊಂಡು, ಕುರ್ಚಿಯಲ್ಲೇ ಒರಗಿ ನಿದ್ದೆ. ನೋಡಲು ಬಂದವರಿಗೆಲ್ಲ ಶಿವದೇವಿ ಚಹಾ, ಚುರುಮುರಿ ಮಾಡಿಕೊಟ್ಟು ಸೋತಳು. ಬಳಗದ ಕಾರ್ಯದರ್ಶಿ ಹಣಮಂತರಾಯರೂ ಬಂದರು, ಎರಡು ಸಲ ಚಹಾ ಕುಡಿದರು.

"ಅಮೃತಪ್ಪ, ಈಗೇನೋ ತಿಪ್ಪೇಸ್ವಾಮಿ ಶಾಲು ಹೊದಸಾಕತ್ತಾನ. ರಾಜ್ಯೋತ್ಸವಕ್ಕ ನಿನ್ನ ಕೈ ಏಳಲಿಲ್ಲಂದ್ರ ಅವನ್ನ ಕಾಯಂ ಮಾಡತೀವಿ ನೋಡು."

ತಿಪ್ಪೇಸ್ವಾಮಿ ಶಾಲು ಹೊದಿಸಿದರೆ ಒಣಹಾಕಿದ ಟವೆಲ್ಲಿನಂತೆ ಕಾಣುತ್ತದೆ. ಅಂಥವನ ಪಾಲಿಗೆ ವೇದಿಕೆ ಹೋಗುವುದೆಂದರೆ! ಇಡೀ ಜನ್ಮದಲ್ಲಿ ಅಮೃತಪ್ಪನಿಗೆ ದಕ್ಕಿದ್ದ ಎತ್ತರ ಅದೊಂದೇ.

ಜೋಳಿಗೆ ಬಿಚ್ಚಿದ ಮೇಲೆ ವ್ಯಾಯಾಮ ಬಂತು. ಗೋಡೆಗೆ ಬೆರಳು ಹಚ್ಚಿ ಇಷ್ಟಿಷ್ಟೇ ಮೇಲೇರಿಸಬೇಕು. ನೋವಿಗಿಂತ ಬೇಸರ ಹೆಚ್ಚು. ಗೋಡೆ ಚಪ್ಪಾಳೆ ತಟ್ಟುತ್ತದೆಯೇ? ನಾಲ್ಕೇ ದಿನಕ್ಕೆ ಕೈಬಿಟ್ಟ. ಶಿವದೇವಿಗೆ ತಡೆಯಲಾಗಲಿಲ್ಲ.

"ಗ್ವಾಡಿ ಬ್ಯಾಸರಾತಂದ್ರ ನನಗ ಹೊದಸ್ರಿ. ನಾ ಮಣಿ ಮ್ಯಾಲೆ ಕುಂಡ್ರತೀನಿ."

ಅವಳು ನೆಲದ ಮೇಲೆ ಮಣೆ ಹಾಕಿ ಕೂತಳು. ಅಮೃತಪ್ಪ ಹಳೆಯ ಶಾಲು ಹಿಡಿದು ಹಲ್ಲು ಕಚ್ಚಿ ಕೈ ಎತ್ತಿದ. ಕೈ ಎದ್ದಿತು, ಮಾತು ಏಳಲಿಲ್ಲ.

"ಶ್ರೀಮತಿ ಶಿವದೇವಿಯವರು... ಭಾಳ ಛಲೋ ಅಡಿಗಿ ಮಾಡ್ತಾರ..."

"ಗುರ್ತಿಲ್ಲದ ಮಂದೀನ ತಾಸುಗಟ್ಲೆ ಹೊಗಳತೀರಿ. ಕಟ್ಕೊಂಡಾಕಿಗೆ ಅಡಿಗಿ ಒಂದ ಏನ್ರಿ?"

ನಮ್ಮಿಬ್ಬರ ಮನೆಗಳ ನಡುವೆ ಒಂದೇ ಗೋಡೆ, ಆದ್ದರಿಂದ ಮುಂದಿನದೆಲ್ಲ ನಮಗೂ ಬಾಯಿಪಾಠವಾಯಿತು. ದಿನಾ ಸಂಜೆ ಅವಳು ಒಂದೊಂದು ಸಂಗತಿ ಹೇಳುವಳು, ಅವನು ಅದನ್ನು ಗುಣಗಾನಕ್ಕೆ ಸೇರಿಸುವನು. ಮೆಟ್ರಿಕ್ಕಿನಲ್ಲಿ ತಾಲ್ಲೂಕಿಗೇ ಗಣಿತದಲ್ಲಿ ಮೊದಲು ಬಂದದ್ದು. ಹೊಲಿಗೆ ಯಂತ್ರ ತುಳಿದು ಮೈದುನನನ್ನು ಓದಿಸಿದ್ದು. ಟ್ಯಾಂಕರ್ ಬಂದಾಗ ಕನ್ನಡ, ತೆಲುಗು, ಉರ್ದು ಮೂರರಲ್ಲೂ ಜಗಳ ತೆಗೆದು ಕಾಲೊನಿಗೆ ನೀರು ಕೊಡಿಸಿದ್ದು. ಮದುವೆಯಾಗಿ ಇಷ್ಟು ವರ್ಷವಾದರೂ ಆ ಗಣಿತದ ಸುದ್ದಿ ಅವನಿಗೆ ಗೊತ್ತೇ ಇರಲಿಲ್ಲವಂತೆ. ನನಗೆ ಅವನ ಮೇಲೆ ಸಿಟ್ಟು ಬಂತು. ಆಮೇಲೆ ನನ್ನ ಹೆಂಡತಿ ಏನು ಓದಿದ್ದಾಳೆಂದು ನೆನಪು ಮಾಡಿಕೊಳ್ಳಲು ಹೋಗಿ, ಕಡೆಗೆ ಅಡುಗೆಮನೆಗೆ ಎದ್ದು ಹೋಗಿ ಅವಳನ್ನೇ ಕೇಳಿದೆ.

ಹೆಗಲು ಸಡಿಲಾದಂತೆ ಶಿವದೇವಿಯೂ ಮೇಲೇರಿದಳು. ಮಣೆಯಿಂದ ಕುರ್ಚಿಗೆ, ಕುರ್ಚಿಯಿಂದ ಎದ್ದು ನಿಂತು, ದಸರೆಯ ಹೊತ್ತಿಗೆ ಸ್ಟೂಲಿನ ಮೇಲೆ.

ರಾಜ್ಯೋತ್ಸವ ಬಂತು. ಅತಿಥಿ ಕಬ್ಬಿಣದ ವ್ಯಾಪಾರಿ ವೀರಭದ್ರಪ್ಪನವರು, ಕೊಟ್ಟ ಫ್ಯಾನಿನ ಮೂರೂ ರೆಕ್ಕೆಗೆ ಹೆಸರು ಬರೆಸುವ ದಾನಿಗಳು. ತಿಪ್ಪೇಸ್ವಾಮಿ ಪಕ್ಕದಲ್ಲೇ ಹೊಂಚು ಹಾಕಿ ನಿಂತಿದ್ದ. ಅಮೃತಪ್ಪ ಶಾಲು ಹಿಡಿದ. ಹಿಂದಿನ ಸಾಲಿನಲ್ಲಿ ನಮ್ಮ ಪಕ್ಕ ಕೂತಿದ್ದ ಶಿವದೇವಿ ಕಣ್ಣು ಮುಚ್ಚಿಕೊಂಡಳು. ಕೈ ಎದ್ದಿತು. ಶಾಲು ಬಿಚ್ಚಿಕೊಂಡು ಹೂವಿನಂತೆ ಇಳಿಯಿತು. ಅದರ ಹಿಂದೆಯೇ ರೂಢಿಯಾಗಿದ್ದ ಮಾತೂ ಎದ್ದು ಬಂತು.

"ತಾಲ್ಲೂಕಿಗೇ ಗಣಿತದಲ್ಲಿ ಮೊದಲಿಗರಾದವರು! ಹೊಲಿಗೆ ಯಂತ್ರ ತುಳಿದು ಮನೆಯವರನ್ನು ಓದಿಸಿದವರು! ನೀರಿಗಾಗಿ ಮೂರು ಭಾಷೆಗಳಲ್ಲಿ ಹೋರಾಡಿದವರು! ಎಲ್ಲಿಯೂ ತಮ್ಮ ಹೆಸರು ಹಾಕಿಸಿಕೊಳ್ಳದವರು!"

ನಡುವೆಯೇ ಅವನ ಮುಖ ಬಿಳಿಚಿತು, ಆದರೆ ಬಾಯಿ ನಿಲ್ಲಲಿಲ್ಲ. ಸಭೆ ಎಂದಿನಂತೆ ಚಪ್ಪಾಳೆ ತಟ್ಟಿತು. ವೀರಭದ್ರಪ್ಪನವರು ಕಣ್ಣೊರೆಸಿಕೊಂಡು, "ನನ್ನನ್ನ ಇಷ್ಟು ಅರ್ಥ ಮಾಡ್ಕೊಂಡಾವ್ರು ಯಾರೂ ಸಿಕ್ಕಿದ್ದಿಲ್ಲ," ಅಂದರು. ಹಣಮಂತರಾಯರು ಅಲ್ಲೇ ಅಮೃತಪ್ಪನನ್ನು ಕಾಯಂ ಮಾಡಿದರು. ಶಿವದೇವಿ ಮುಖಕ್ಕೆ ಸೆರಗು ಒತ್ತಿಕೊಂಡಿದ್ದಳು, ನಗುತ್ತಿದ್ದಳೋ ಅಳುತ್ತಿದ್ದಳೋ ನನಗೆ ತಿಳಿಯಲಿಲ್ಲ.

ಊಟ ಮುಗಿಸಿ ಒಂದೇ ಬಸ್ಸಿಗೆ ಹತ್ತಿದೆವು. ಅಮೃತಪ್ಪ ತಲೆ ತಗ್ಗಿಸಿ ನಿಂತಿದ್ದ.

"ತಪ್ಪಾತು. ನಿನ್ನ ಸನ್ಮಾನ ಅವರಿಗೆ ಹೋತು."

"ಶಾಲು ಅವರು ಒಯ್ದ್ರು, ಒಯ್ಯಲಿ ಬಿಡ್ರಿ," ಅಂದಳು ಶಿವದೇವಿ. "ಮೈಕಿನ್ಯಾಗ ಕೇಳಿದ್ದು ನನ್ನ ಸುದ್ದಿನ ಹೌದಲ್ರಿ?"

ಬಸ್ಸು ಜಗ್ಗಿತು. ಅವನ ಬಲಗೈ ತನಗೆ ತಾನೇ ಮೇಲೆದ್ದು ಕಂಬಿ ಹಿಡಿಯಿತು. ಅವನು ಅದನ್ನು ಗಮನಿಸಲೇ ಇಲ್ಲ, ಹೆಂಡತಿಯ ಮುಖ ನೋಡುತ್ತಿದ್ದ.