ಕಂಬಳಿ ಬೇಡಿದ ಗ್ರಾಹಕರೂ ನಮ್ಮ ನಿಘಂಟಕ್ಕನವರೂ

ವಿದೇಶಿ ವಿನಿಮಯದ ಫ್ರೆಂಚ್ ಪತ್ರಗಳನ್ನು ಇಂಗ್ಲಿಷಿಗೆ ತರುವ ಕೆಲಸದಲ್ಲಿ ಮೂವತ್ತೊಂದು ವರ್ಷ ಸವೆಸಿ, ಒಂದೊಂದು ಪದಕ್ಕಾಗಿ ಇಡೀ ಶಾಖೆಯನ್ನು ಕಾಯಿಸಿಯೂ ಅಲ್ಲಿನ ಯಾರಿಂದಲೂ ಬೈಸಿಕೊಳ್ಳದೆ ನಿವೃತ್ತರಾಗುತ್ತಿರುವವರು ನಮ್ಮ ಬ್ಯಾಂಕಿನಲ್ಲಿ ಇವರೊಬ್ಬರೇ. ಇವರ ಹೆಸರು ಹಾಜರಿ ಪುಸ್ತಕಕ್ಕೆ ಮಾತ್ರ ಗೊತ್ತು. ಉಳಿದವರಿಗೆಲ್ಲ ಇವರು ನಿಘಂಟಕ್ಕ.

ಬೆರಳಚ್ಚುಗಾರ್ತಿಯಾಗಿ ಸೇರಿದ ಅವರು, ಅರ್ಥವಾಗದ್ದನ್ನು ಟೈಪು ಮಾಡಲು ಮನಸ್ಸೊಪ್ಪದೆ ಸಂಜೆ ತರಗತಿಗೆ ಹೋಗಿ ಫ್ರೆಂಚ್ ಕಲಿತರು. ಏಳನೆಯ ವರ್ಷ ಕಿಟಕಿ ಪಕ್ಕದ ಅನುವಾದದ ಮೇಜು ಅವರದಾಯಿತು.

ದವಡೆಹಲ್ಲು ಕೀಳಿಸಲು ಅವರು ಅರ್ಧ ದಿನ ರಜೆ ಹಾಕಿದ್ದ ಒಂದು ಬೆಳಿಗ್ಗೆ ನೂಲಿನ ವ್ಯಾಪಾರಿಯೊಬ್ಬರ ಫ್ರೆಂಚ್ ಪತ್ರ ಬಂತು. ಮೂರು ತಿಂಗಳ ನಂತರದ ಪಾವತಿಗೆ ಈಗಲೇ ವಿನಿಮಯ ದರ ಗೊತ್ತುಮಾಡಿ, ಏರಿಳಿತದಿಂದ ರಕ್ಷಣೆ ಕೊಡಿ ಎಂಬುದು ಅವರ ಕೋರಿಕೆ. ಈ ರಕ್ಷಣೆಗೆ ಫ್ರೆಂಚಿನಲ್ಲಿ ‘ಕುವೆರ್ತ್ಯೂರ್’ ಎನ್ನುತ್ತಾರೆ. ಕಂಬಳಿಗೂ ಅದೇ ಪದ. ಶಾಲೆಯಲ್ಲಿ ಎರಡು ವರ್ಷ ಫ್ರೆಂಚ್ ಓದಿದ್ದ ವ್ಯವಸ್ಥಾಪಕರು ತಾವೇ ಅನುವಾದಿಸಿ, ಗ್ರಾಹಕರಿಗೆ ಮೂರು ತಿಂಗಳ ಮಟ್ಟಿಗೆ ಕಂಬಳಿ ಬೇಕಂತೆ ಎಂದು ಮುಖ್ಯ ಕಚೇರಿಗೆ ಫ್ಯಾಕ್ಸ್ ಕಳಿಸಿದರು. ಉತ್ತರ ತಡವಾಗಲಿಲ್ಲ: “ಬ್ಯಾಂಕು ಕಂಬಳಿ ಒದಗಿಸುವುದಿಲ್ಲ. ಗ್ರಾಹಕರಿಗೆ ಚಳಿಜ್ವರವಿದ್ದರೆ ವೈದ್ಯರನ್ನು ಕಾಣಲು ತಿಳಿಸಿ.”

ಎರಡೂವರೆಗೆ, ಊದಿದ ಕೆನ್ನೆಯಲ್ಲಿ ಹತ್ತಿ ಕಚ್ಚಿಕೊಂಡು ನಿಘಂಟಕ್ಕ ಬಂದಾಗ ವ್ಯವಸ್ಥಾಪಕರು ಇಂಗು ತಿಂದ ಮಂಗನಂತೆ ಕೂತಿದ್ದರು. ಮೂರಕ್ಕೆ ಆ ದಿನದ ವ್ಯವಹಾರ ಮುಗಿಯುತ್ತಿತ್ತು.

“ನಾನು ಬರ್ದಿದ್ದು ತಪ್ಪಾ?”

“ತಪ್ಪೇನಿಲ್ಲ ಸಾರ್. ಮನೇಲಾದ್ರೆ ಅದು ಕಂಬಳೀನೇ. ಬ್ಯಾಂಕಲ್ಲಿ ಮಾತ್ರ ಬೇರೆ.”

ಹತ್ತಿ ತೆಗೆದು ಅವರು ಮುಖ್ಯ ಕಚೇರಿಗೆ ಫೋನು ಮಾಡಿದರು. ಅನುವಾದ ಮಾಡಿದ್ದು ಯಾರೆಂದು ಆ ಕಡೆಯ ಅಧಿಕಾರಿ ಗದರಿದರು.

“ಅನುವಾದದ ಮೇಜು ನಂದು ಸಾರ್. ಬೈಯೋದು ಆಮೇಲೆ ಬೈರಿ, ಈಗ ಸರಿಯಾದ್ದು ಬರ್ಕೊಳ್ಳಿ.”

ಊದಿದ ದವಡೆಯಿಂದ ಹೊರಟ ಮಾತು ಅಧಿಕಾರಿಗೆ ತಿಳಿಯದೆ, ಪ್ರತಿ ಅಂಕಿಯನ್ನೂ ಮೂರು ಸಲ ಹೇಳಬೇಕಾಯಿತು. ಮೂರಕ್ಕೆ ನಾಲ್ಕು ನಿಮಿಷ ಉಳಿದಿರುವಾಗ ದರ ನಿಗದಿಯಾಯಿತು. ಮುಂದಿನ ವಾರ ಪೇಟೆಯ ದರ ಏರಿದ ಏರಿಕೆಗೆ, ರಕ್ಷಣೆಯಿಲ್ಲದಿದ್ದರೆ ವ್ಯಾಪಾರಿ ಅಂಗಡಿಗೆ ಬೀಗ ಹಾಕಬೇಕಿತ್ತು.

ನಿಘಂಟಕ್ಕನವರಿಗೆ ಸಿಕ್ಕಿದ್ದು ಎಚ್ಚರಿಕೆ ಪತ್ರ. ಅದನ್ನು ಕಂಡು ತಡೆಯಲಾರದೆ ವ್ಯವಸ್ಥಾಪಕರು ಮುಖ್ಯ ಕಚೇರಿಗೆ ತಪ್ಪೊಪ್ಪಿಗೆ ಬರೆದರು. ಅದರಲ್ಲಿದ್ದ ಎರಡು ತಪ್ಪು ತಿದ್ದಿದ ಮೇಲೆಯೇ ನಿಘಂಟಕ್ಕ ಅದನ್ನು ಕಳಿಸಲು ಬಿಟ್ಟರು. ವರ್ಗವಾಗುವ ತನಕ ವ್ಯವಸ್ಥಾಪಕರಿಗೆ ಊಟದ ವಿರಾಮದಲ್ಲಿ ಫ್ರೆಂಚ್ ಪಾಠವೂ ನಡೆಯಿತು.

ನಿಘಂಟಕ್ಕ ಈಗ ಫ್ರೆಂಚ್-ಇಂಗ್ಲಿಷ್ ಬ್ಯಾಂಕಿಂಗ್ ಪದಕೋಶವೊಂದನ್ನು ಸಿದ್ಧಪಡಿಸುತ್ತಿದ್ದಾರೆ. ಹನ್ನೆರಡು ವರ್ಷಗಳಲ್ಲಿ ಮೂರು ಅಕ್ಷರ ಮುಗಿದಿವೆ; ಇನ್ನು ಇಪ್ಪತ್ತಮೂರು ಬಾಕಿ. ಅಷ್ಟೂ ಮುಗಿಯುವವರೆಗೆ ಅವರಿಗೆ ಆಯಸ್ಸು, ಆರೋಗ್ಯಗಳು ಕೂಡಿಬರಲಿ. ಅವರು ಕಿಂಚಿತ್ತೂ ಅವಸರಪಡದಿರಲಿ.