ಬೆನೆಡಿಕ್ಟಾ ಮತ್ತು ಎರಡು ಯಂತ್ರಗಳು

ಪ್ರಿಂಟರ್ ಕರಕರನೆ ಹಲ್ಲು ಕಡಿದು ಒಂದೇ ಸಾಲು ಅಚ್ಚೊತ್ತಿ ನಿಂತಿತು: ಇದು ಯಾವ ಯಂತ್ರವೆಂದು ಗೊತ್ತಿಲ್ಲ.

೧೯೮೮ರ ಒಂದು ಶುಕ್ರವಾರ, ಕಾರ್ಕಳದ ಹತ್ತಿರದ ಕಾಲೇಜಿನಲ್ಲಿ, ಪರಿಶೀಲನೆಗೆ ಬಂದವರ ಕಣ್ಣೆದುರೇ ಹೀಗಾಯಿತು. ಅವರು ಹೋದ ಮೇಲೆ ವಿಭಾಗದ ಮುಖ್ಯಸ್ಥ ದೂಮಪ್ಪ ಸರ್ ಒಂದು ಕಾಗದ ತಂದರು. ತಪ್ಪೆಲ್ಲ ಆಪರೇಟರ್ ಬೆನೆಡಿಕ್ಟಾಳದು, ಕ್ಷಮೆ ಇರಲಿ ಎಂದು ಅದರಲ್ಲಿತ್ತು. ಸಹಿ ಹಾಕಿದರೆ ಕೆಲಸ ಉಳಿಯುತ್ತದೆ, ಇಲ್ಲವಾದರೆ ಇಲ್ಲ.

ಪರ್ಕಳದಿಂದ ಬಸ್ಸಿನಲ್ಲಿ ಬಂದುಹೋಗುವ ಬೆನೆಡಿಕ್ಟಾ ಟೈಪಿಸ್ಟ್ ಆಗಿ ಸೇರಿದವಳು. ಕಂಪ್ಯೂಟರಿನ ಧೂಳು ಒರೆಸುತ್ತ, ಕೈಪಿಡಿ ಓದುತ್ತ ಕೆಲಸ ಕಲಿತಳು. ಅಲ್ಲಿದ್ದ ಎರಡು ಯಂತ್ರಗಳನ್ನು ನಡೆಸುವ ತಂತ್ರಾಂಶ ಒಂದರಲ್ಲಿ ಯುನಿಕ್ಸ್, ಇನ್ನೊಂದರಲ್ಲಿ ಝೆನಿಕ್ಸ್. ಅಣ್ಣತಮ್ಮಂದಿರ ಹಾಗೆ ಕಂಡರೂ ಒಬ್ಬನಿಗೆ ಕೊಡುವ ಆಜ್ಞೆಯನ್ನು ಇನ್ನೊಬ್ಬನಿಗೆ ಕೊಟ್ಟರೆ ಕೆಲಸ ಕೆಡುತ್ತದೆ. ಎರಡಕ್ಕೂ ಅವಳು ಆಜ್ಞೆಗಳ ಒಂದೇ ಪಟ್ಟಿ, ಒಂದೇ ಸ್ಕ್ರಿಪ್ಟ್ ಬರೆದಳು. ಅದು ಮೊದಲು ಯಂತ್ರದ ಹೆಸರು ಕೇಳುತ್ತದೆ, ಆಮೇಲೆ ಆಜ್ಞೆ ಕೊಡುತ್ತದೆ, ಗೊತ್ತಾಗದಿದ್ದರೆ ನಿಲ್ಲುತ್ತದೆ.

ಅದು ಅಮ್ಮ ಕಲಿಸಿದ ಬುದ್ಧಿ. ಕಾಪುವಿನಲ್ಲಿ ಮಲ್ಲಿಗೆ ಮಾರುತ್ತಿದ್ದ ರೋಸಲಿನ್, ಗಿರಾಕಿ ಬಾಯಿ ಬಿಡುವವರೆಗೂ ಅವರ ಭಾಷೆ ತುಳುವೋ ಕೊಂಕಣಿಯೋ ಬ್ಯಾರಿಯೋ ಎಂದು ತೀರ್ಮಾನಿಸುತ್ತಿರಲಿಲ್ಲ. "ಹೆಸರು ನಂಬಬೇಡ, ಮಾತು ಕೇಳು" ಎನ್ನುತ್ತಿದ್ದಳು. ಮಗಳು ಅರ್ಧ ಪಾಠ ಮರೆತಿದ್ದಳು. ಬಂದವರಿಗೆ ಚಂದ ಕಾಣಲೆಂದು ದೂಮಪ್ಪ ಸರ್ ಹಿಂದಿನ ದಿನ ಯುನಿಕ್ಸ್ ಯಂತ್ರಕ್ಕೆ 'ಶಾರದಾ' ಎಂದು ಹೆಸರಿಟ್ಟಿದ್ದರು. ಕೇಳಿದಾಗ ಯಂತ್ರ ಆ ಹೆಸರನ್ನೇ ಹೇಳಿತು; ಆ ಹೆಸರಿನ ಗುರುತಿಲ್ಲದ ಸ್ಕ್ರಿಪ್ಟ್ ನಿಂತುಬಿಟ್ಟಿತು.

ದೂಮಪ್ಪ ಸರ್ ಕಾಗದವನ್ನು ಅವಳ ಮುಂದೆ ತಳ್ಳಿದರು. "ಎಂತ ಯೋಚನೆ ಬೆನೆಡಿಕ್ಟಾ ಬಾಯಿ? ಸಹಿ ಹಾಕಿ ಮಾರಾಯ್ರೆ. ಇನ್ನು ಎರಡು ಯಂತ್ರಕ್ಕೆ ಎರಡು ಸ್ಕ್ರಿಪ್ಟ್. ಯಂತ್ರದ ಹತ್ತಿರ ಜಾತಕ ಕೇಳಬೇಕಾ?"

"ಕೇಳಬೇಕು ಸರ್. ಹೆಸರು ನಂಬಿದ್ದು ನನ್ನ ತಪ್ಪು, ತಿದ್ದಿಯಾಗಿದೆ. ಈಗ ಸ್ಕ್ರಿಪ್ಟ್ ಯಂತ್ರದ ಒಳಗೆ ಯುನಿಕ್ಸಿನ ಮೂಲ ಕಡತ ಉಂಟಾ, ಝೆನಿಕ್ಸಿನದ್ದು ಉಂಟಾ ಎಂದು ನೋಡುತ್ತದೆ. ನೀವು ನಾಳೆ ಮಹಾಲಕ್ಷ್ಮಿ ಎಂದು ಕರೆದರೂ ಬೆಪ್ಪಾಗುವುದಿಲ್ಲ."

"ತಪ್ಪು ಒಪ್ಪಿದಿರಿ ಅಲ್ವಾ? ಸಹಿ."

ಬೆನೆಡಿಕ್ಟಾ ಕಾಗದದಲ್ಲಿ ಟೈಪಾದ ಸಾಲುಗಳನ್ನೆಲ್ಲ ಹೊಡೆದುಹಾಕಿದಳು. ಕೆಳಗೆ ಬರೆದಳು: ಯಂತ್ರದ ಹೆಸರು ಬದಲಿಸಿದವರು ದೂಮಪ್ಪ ಸರ್, ಅದನ್ನು ನಂಬಿದವಳು ನಾನು. ಎರಡು ಸಹಿಗೆ ಜಾಗ ಬಿಟ್ಟು ತನ್ನದನ್ನು ಹಾಕಿದಳು.

"ಇದೆಂತ? ನಾನೂ ಸಹಿ ಹಾಕಬೇಕಾ? ನೋಡಿ ಬಾಯಿ, ಸೋಮವಾರದಿಂದ ನಿಮಗೆ…"

ಹೊರಗೆ ಪರ್ಕಳದ ಬಸ್ಸು ಹಾರ್ನ್ ಹೊಡೆಯಿತು. ಅವಳು ಪೆನ್ನನ್ನು ಅವರ ಮುಂದಿಟ್ಟು, ಕೊಡೆ ಎತ್ತಿಕೊಂಡು, ಅವರ ಮಾತು ಮುಗಿಯುವ ಮೊದಲೇ ಮೆಟ್ಟಿಲಿಳಿದಳು.